ತಿರುಗಿ ನೋಡೋ ಗಿಣಿಗೆ ಒಂದು ಚೊಂಬು ನೀರು

ಮಗ್ಗ ಆಡ್ತಿದ್ರೆ ಈ ಕತೆ ಹೇಳೋಕಾಗಲ್ಲ, ಯಾರಿಗೂ ಕೇಳಿಸಲ್ಲ. ಈಗ ಕರೆಂಟು ಹೋಗಿದೆ. ಬರೋವರೆಗೂ ಹ್ಞೂಂ ಅಂತಿರಿ.

ದೊಡ್ಡಬಳ್ಳಾಪುರದ ಒಂದು ಮಗ್ಗದ ಬೀದೀಲಿ ಚೌಡಮ್ಮ ಅಂತ ಒಬ್ಬಳಿದ್ಲು. ಗಂಡ ಇಲ್ಲ, ಒಬ್ಬನೇ ಮಗ, ದೇವಲ. ಕೆಟ್ಟೋನಲ್ಲ, ಸೋಮಾರಿ ಅಲ್ಲ, ಎದುರು ಮಾತಾಡೋನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಕಾಯಿಲೆ. ಅನ್ನ ಉಕ್ಕಿದ್ರೆ ಕೂಗು ಅಂದಿದ್ರೆ ಉಕ್ಕಿದಾಗ ಕೂಗೋನು. ಸೀದು ಕರಕಲಾದ್ರೆ ಪಕ್ಕದಲ್ಲೇ ಕೂತು ನೋಡೋನು. ಸೀದ್ರೆ ಕೂಗು ಅಂತ ಯಾರೂ ಹೇಳಿರ್ಲಿಲ್ಲವಲ್ಲ.

"ಇಷ್ಟು ದೊಡ್ಡ ಬೀದೀಲಿ ಇಂಥವನು ನನ್ನ ಹೊಟ್ಟೇಲೇ ಹುಟ್ಟಬೇಕಿತ್ತಾ" ಅಂತ ಚೌಡಮ್ಮ ದೇವರ ಪಟಕ್ಕೆ ದೀಪ ಹಚ್ಚೋವಾಗೆಲ್ಲ ಕೇಳೋಳು. ಬೇಡಿಕೊಳ್ಳೋ ಥರ ಅಲ್ಲ, ಜಗಳಕ್ಕೆ ನಿಂತ ಥರ.

ಆ ಮನೇಲಿ ಚೌಡಮ್ಮನ ಅತ್ತೆ ಕಾಲದಿಂದ ಒಂದು ಸೀರೆ ಅಂಚಿತ್ತು. ಗಿಣಿ ಸಾಲಿನ ಅಂಚು. ಎಲ್ಲಾ ಗಿಣಿಗಳೂ ಮುಂದಕ್ಕೆ ನೋಡ್ತಾವೆ, ಒಂದೇ ಒಂದು ಗಿಣಿ ಮಾತ್ರ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತೆ. ಧಾರೆ ಮುಗಿಸ್ಕೊಂಡು ತವರಿನ ಹೊಸಿಲು ದಾಟೋ ಹುಡುಗಿ ಒಂದ್ಸಲ ತಿರುಗಿ ನೋಡ್ತಾಳಲ್ಲ, ಹಾಗೆ. ಆ ಬೀದಿಯ ಹೆಣ್ಣುಮಕ್ಕಳು, ಅವರ ನೆಂಟರ ಹೆಣ್ಣುಮಕ್ಕಳು, ಯಾರದೇ ಮದುವೆ ಆಗ್ಲಿ, ಧಾರೆ ಸೀರೆಗೆ ಆ ಅಂಚೇ ಬೇಕು, ಅದು ಚೌಡಮ್ಮನ ಮಗ್ಗದಲ್ಲೇ ಇಳೀಬೇಕು. ಈ ಸಲ ಸರದಿ ಅವಳ ಸ್ವಂತ ತಮ್ಮನ ಮಗಳು ಇಂದುಮತೀದು.

ಈ ಅಂಚು ಇದ್ದದ್ದು ಮಗ್ಗದ ಕೋಣೆಯ ಹಳೇ ಕಂಪ್ಯೂಟರಲ್ಲಿ. ಅದರಿಂದ ಪಂಚಿಂಗ್ ಅಂಗಡಿಗೆ ಕೊಟ್ಟು, ರಟ್ಟಿನ ಕಾರ್ಡಿಗೆ ತೂತು ಹೊಡೆಸಿ, ಕಾರ್ಡುಗಳನ್ನ ದಾರದಲ್ಲಿ ಮಾಲೆ ಕಟ್ಟಿ ಮಗ್ಗದ ಮೇಲೆ ಏರಿಸ್ಬೇಕು. ತೂತು ಇದ್ದ ಹಾಗೆ ಎಳೆ ಏಳುತ್ತೆ, ಗಿಣಿ ಮೂಡುತ್ತೆ. ಅತ್ತೆ ಕಾಲದ ಒಂದು ಹಳೇ ಕಾರ್ಡಿನ ಕಟ್ಟೂ ಅಟ್ಟದ ಮೇಲೆ ಬಟ್ಟೇಲಿ ಸುತ್ತಿದ್ದ ಹಾಗೇ ಇತ್ತು, ದಾರವೆಲ್ಲ ಹರಿದು.

ಸರಿ, ಮದುವೆಗೆ ದಿನ ಗೊತ್ತಾಯ್ತು, ಕಂಪ್ಯೂಟರು ಒಳಗಿಂದ ಟಕ್ ಟಕ್ ಅನ್ನೋಕೆ ಶುರು ಮಾಡ್ತು. ರಿಪೇರಿಯವನು ಬಂದು ಅದಕ್ಕೆ ಕಿವಿ ಕೊಟ್ಟ. ಡಿಸ್ಕು ಹೋಗೋ ಹಾಗಿದೆ, ಪಂಚಿಂಗಿಗೆ ಅಂತ ತೆಗೆಯೋಕೆ ಹೋದ್ರೂ ನಡುವೆ ನಿಂತು ಹೋಗ್ಬೋದು, ಒಳಗಿರೋದನ್ನ ಮೊದಲು ಜೋಪಾನವಾಗಿ ತೆಗೆದಿಟ್ಕೊಳಿ ಅಂದು ಹೊರಟ. ಸಾಯೋ ಮುದುಕಿ ಮನೆಗೆ ಬಂದ ಡಾಕ್ಟರ ಹಾಗೆ.

ಚೌಡಮ್ಮ ಇಂದುಮತಿಗೆ ಫೋನ್ ಹಚ್ಚಿದ್ಲು. ಇಂದುಮತಿ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳೋಳು. ಸುಮ್ಮನೆ ಕಾಪಿ ಹೊಡೆದ್ರೆ ಆ ಡಿಸ್ಕು ಅರ್ಧದಲ್ಲಿ ಉಸಿರು ಬಿಡುತ್ತೆ ಅಂದ್ಲು. ಬ್ಯಾಕಪ್ ಮಾಡೋ ಒಂದು ಸಾಫ್ಟ್‌ವೇರ್ ಇದೆ, ನಿಧಾನಕ್ಕೆ ತೆಗೆಯುತ್ತೆ, ನಿಂತಲ್ಲಿಂದ ಮತ್ತೆ ಹಿಡಿಯುತ್ತೆ, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿ ಕೊಟ್ಟಿದ್ದಾರೆ ಅಂದ್ಲು. ಆದ್ರೆ ನಿಮ್ಮ ಹಳೇ ಮಷಿನ್ನಿಗೆ ಸಿದ್ಧವಾಗಿರೋದು ಕೂರಲ್ಲ ಅಂದ್ಲು.

"ಅಂಗಡಿ ಸೀರೆ ಥರ ಅಲ್ಲ ಅತ್ತೆ. ಅವರು ನೂಲು ಕೊಡ್ತಾರೆ. ಸೋರ್ಸ್ ಕೋಡ್ ಅಂದ್ರೆ ಅದೇ. ಮನೇಲೇ ನೇಯ್ಕೋಬೇಕು."

"ನೇಯೋದು ಯಾರು?"

"ದೇವಲ ಬಾವ ಇದ್ದಾರಲ್ಲ. ನಾನು ಫೋನಲ್ಲಿ ಹೇಳ್ತೀನಿ, ಅವರು ಟೈಪ್ ಮಾಡ್ಲಿ."

ಅವನ ಕೈಲಾ ಅಂತ ಚೌಡಮ್ಮ ಹೆದರಿದ್ಲು. ಆದ್ರೆ ಇಂದುಮತಿ ಹೆದರ್ಲಿಲ್ಲ. ಕಂಪ್ಯೂಟರೂ ಅವರ ಥರಾನೇ ಅತ್ತೆ, ಹೇಳಿದ್ದು ಬಿಟ್ಟು ಬೇರೆ ಮಾಡಲ್ಲ, ಇಬ್ಬರಿಗೂ ಚೆನ್ನಾಗಿ ಹೊಂದುತ್ತೆ ಅಂತ ನಕ್ಕಳು.

ಮೊದಲನೇ ಪಾಠ ಶುರುವಾಯ್ತು. ಆ ಕೋಡಿನ ಮೂಟೆ ಇಂಟರ್ನೆಟ್ಟಿಂದ ಮನೆಗೆ ಇಳೀತು. ಇಂದುಮತಿ ಹೇಳಿದ್ಲು, ಹೊರಗಿಂದ ಬಂದದ್ದನ್ನ ಹಾಗೇ ನಂಬಬಾರದು. ಮಾಡಿದೋರು ಅದಕ್ಕೊಂದು ಉದ್ದನೆ ಗುರುತಿನ ಸಾಲು ಕೊಟ್ಟಿರ್ತಾರೆ. ನಿಮಗೆ ಬಂದ ಮೂಟೆಯ ಗುರುತನ್ನ ಅದರ ಪಕ್ಕ ಇಟ್ಟು ನೋಡಿ. ಒಂದೇ ಒಂದು ಅಕ್ಷರ ಹೊಂದದೆ ಇದ್ರೂ ಒಳಗೆ ಬಿಡಬೇಡಿ. ದೇವಲ ಬೆರಳಿಟ್ಟು ಬೆರಳಿಟ್ಟು ನೋಡಿದ. ಎಲ್ಲಾ ಹೊಂದ್ತು. ಚೌಡಮ್ಮನಿಗೆ ಎಷ್ಟು ಖುಷಿ ಅಂದ್ರೆ, "ಹೀಗೇ ಇರೋ ಮಗನೇ, ಹೊರಗಿಂದ ಏನೇ ಬರ್ಲಿ, ಹೊಂದಿಸಿ ನೋಡಿ ಒಳಗೆ ಬಿಡು" ಅಂತ ಬೆನ್ನು ತಟ್ಟಿ ಹಾಲು ತರೋಕೆ ಹೋದ್ಲು.

ಅವಳು ಹಾಲಿಗೆ ಹೋಗಿದ್ದಾಗ ತಮ್ಮ ವೆಂಕಟರವಣಪ್ಪ ಬಂದ. ಇಂದುಮತಿ ಅಪ್ಪ. ಮೊದಲ ಲಗ್ನಪತ್ರಿಕೇನ ತಿರುಪತಿಲಿ ದೇವರ ಮುಂದಿಟ್ಟು, ಮುಡಿ ಕೊಟ್ಟು, ಎರಡನೇದನ್ನ ಅಕ್ಕನಿಗೆ ಕೊಡೋಕೆ ಬಿಸಿಲಲ್ಲಿ ಬಂದಿದ್ದ. ಬೋಳು ತಲೆ, ಮೀಸೆ ಇಲ್ಲ.

ಚೌಡಮ್ಮ ಹಾಲು ಹಿಡ್ಕೊಂಡು ವಾಪಸ್ಸು ಬರ್ತಾಳೆ, ತಮ್ಮ ಹೊಸಿಲಾಚೆ ನಿಂತು ತಲೆ ಮೇಲೆ ಪತ್ರಿಕೆ ಮರೆ ಮಾಡ್ಕೊಂಡಿದ್ದಾನೆ. ಒಳಗೆ ದೇವಲ ಗೋಡೇಲಿದ್ದ ಮಾವನ ಮದುವೆ ಫೋಟೋ ಇಳಿಸ್ಕೊಂಡು ಅವನ ಮುಖದ ಪಕ್ಕ ಹಿಡಿದಿದ್ದಾನೆ.

"ಅಮ್ಮ, ಮಾವ ಅಂತ ಹೇಳ್ತಾರೆ. ಕೂದಲು ಹೊಂದಲ್ಲ, ಮೀಸೆ ಹೊಂದಲ್ಲ. ಮೂಗು ಒಂದು ಹೊಂದುತ್ತೆ."

"ಅಕ್ಕ, ಒಂದು ಲೋಟ ನೀರಾದ್ರೂ ಕೊಡ್ಸು" ಅಂದ ತಮ್ಮ.

ಚೌಡಮ್ಮನ ಕೋಪ ನೆತ್ತಿಗೇರ್ತು. ಫೋಟೋ ಕಿತ್ಕೊಂಡ್ಲು, ತಮ್ಮನ್ನ ಒಳಗೆ ಕೂರ್ಸಿದ್ಲು, ಮಗನ್ನ ಹಿಂದಿನ ಅಂಗಳಕ್ಕೆ ಎಳ್ಕೊಂಡು ಹೋಗಿ ಬಯ್ದಳು. ಬಾಗಿಲಿಗೆ ಬಂದೋರನ್ನ ನಾಯಿ ನಿಲ್ಲಿಸಿದ ಹಾಗೆ ನಿಲ್ಲಿಸ್ತಾರೇನೋ, ಮನೆ ಮರ್ಯಾದೆ ಏನಾಗ್ಬೇಕು. ಬಂದೋರಿಗೆ ಮೊದಲು ಒಂದು ಚೊಂಬು ನೀರು ಕೊಡಬೇಕು. ಏನು ಬೇಕು ಅಂತ ಕೇಳ್ಬೇಕು. ಕೇಳಿದ್ದು ಮನೇಲಿದ್ರೆ ಇಲ್ಲ ಅನ್ನಬಾರದು, ಕೊಡ್ಬೇಕು. ಗೊತ್ತಾಯ್ತಾ?

ಗೊತ್ತಾಯ್ತು ಅಂದ ದೇವಲ. ಅವನಿಗೆ ಯಾವಾಗ್ಲೂ ಗೊತ್ತಾಗೋದು.

ಮಾರನೇ ದಿನ ಎರಡನೇ ಪಾಠ. ಮೂಟೆ ಬಿಚ್ಚಿದ್ರು. ಈ ಮನೇಲಿ ನೇಯೋಕೆ ಏನೇನಿದೆ, ಏನೇನಿಲ್ಲ ಅಂತ ಅದೇ ಒಂದ್ಸಲ ಓಡಾಡಿ ನೋಡುತ್ತೆ ಅಂದ್ಲು ಇಂದುಮತಿ. ಓಡಾಡಿ ನೋಡ್ತು. ಅದಿಲ್ಲ ಅಂತು. ಇವಳು ಹೇಳಿದ್ಲು, ದೇವಲ ತಂದು ಹಾಕಿದ. ಮತ್ತೆ ನೋಡ್ತು, ಇದಿಲ್ಲ ಅಂತು. ಅದನ್ನೂ ತಂದು ಹಾಕಿದ. ಮದುವೆ ಮನೆಗೆ ಬಂದ ಗಂಡಿನ ಕಡೆಯವರ ಥರ ಅದು ಕೇಳ್ತಾನೇ ಇತ್ತು, ಇವನು ಮುಖ ಸಿಂಡರಿಸದೆ ಕೊಡ್ತಾನೇ ಇದ್ದ. ಕೊನೆಗೆ ಅದು ಸಾಕು ಅಂತು. ಇಷ್ಟು ತಾಳ್ಮೆ ನನ್ನ ಹತ್ರ ಕಲಿಯೋ ಮಕ್ಕಳಿಗೂ ಇಲ್ಲ ಅತ್ತೆ ಅಂದ್ಲು ಇಂದುಮತಿ. ಚೌಡಮ್ಮ ನೆಮ್ಮದಿಯಾಗಿ ರಾಗಿ ಮಿಲ್ಲಿಗೆ ಹೋದ್ಲು.

ಆಗ ಬಂದ ಎದುರುಮನೆ ಪಿಳ್ಳಪ್ಪ. ಅವನದೂ ಮಗ್ಗ. ಗಿಣಿ ಅಂಚಿನ ಮೇಲೆ ಅವನಿಗೆ ಎಷ್ಟೋ ವರ್ಷದ ಕಣ್ಣು. ಆದ್ರೆ ಆವತ್ತು ಬಂದಿದ್ದು ಪಾಪ ಒಂದು ಸ್ಪ್ಯಾನರ್ ಕೇಳೋಕೆ. ದೇವಲ ಚೊಂಬಲ್ಲಿ ನೀರು ಕೊಟ್ಟ, ಕೂರ್ಸಿದ, ಏನು ಬೇಕು ಕೇಳಿ, ಇದ್ರೆ ಕೊಡ್ತೀನಿ ಅಂದ. ಪಿಳ್ಳಪ್ಪ ಸ್ಪ್ಯಾನರ್ ಕೇಳ್ದ, ಬಂತು. ಹಾಗೇ ಎಣ್ಣೆ ಡಬ್ಬಿ ಕೇಳ್ದ, ಬಂತು. ಆಮೇಲೆ ಪಿಳ್ಳಪ್ಪ ನಿಧಾನಕ್ಕೆ ತಲೆ ಎತ್ತಿ ಅಟ್ಟ ನೋಡ್ದ.

ಚೌಡಮ್ಮ ಹಿಟ್ಟಿನ ಡಬ್ಬ ಇಳಿಸಿ ಅಟ್ಟ ನೋಡ್ತಾಳೆ, ಕಾರ್ಡಿನ ಕಟ್ಟು ಇಲ್ಲ. ನೇರ ಎದುರುಮನೆಗೆ ಹೋದ್ಲು. ಪಿಳ್ಳಪ್ಪ ಎದ್ದು ನಿಂತು ಮರ್ಯಾದೆಯಾಗೇ ಮಾತಾಡ್ದ. ನಾನೇನು ಕದ್ದೆನಾ ತಾಯಿ, ನಿಮ್ಮ ಮಗನೇ ನೀರು ಕೊಟ್ಟು ಏಣಿ ಹತ್ತಿ ಇಳಿಸಿಕೊಟ್ಟ, ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ಸು ಕೇಳ್ತಾರಾ ಅಂದ. ಚೌಡಮ್ಮನಿಗೆ ಮೈಯೆಲ್ಲ ಉರಿದು ಹೋಯ್ತು. "ಇಟ್ಕೊಳಪ್ಪ, ಆ ಹರಿದಿದ್ದು ನೀನೇ ಇಟ್ಕೊ. ನನ್ನ ಗಿಣಿ ನನ್ನ ಕಂಪ್ಯೂಟರಲ್ಲಿದೆ. ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು" ಅಂದು ಬಂದುಬಿಟ್ಟಳು.

ಮನೆಗೆ ಬಂದು ಮಗನ್ನ ಬಯ್ದಳು. ಬಯ್ದಳು ಅಂದ್ರೆ ಸಾಲದು, ಹಾಸು ಹೊಕ್ಕು ಎರಡೂ ಹಾಕಿ ನೇಯ್ದಳು. ಸ್ಪ್ಯಾನರ್ ಬೇರೆ, ಮನೆ ಸೊತ್ತು ಬೇರೆ ಅಂತ ತಿಳಿಯಲ್ವೇನೋ. ಇನ್ನು ಮೇಲೆ ನಮ್ಮ ಮನೇದು ಯಾರು ಕೇಳಿದ್ರೂ ತುಟಿ ಹೊಲ್ಕೊಂಡಿರು. ಅಪ್ಪ ಬಂದು ಕೇಳ್ಲಿ, ದೇವರೇ ಬಂದು ಕೇಳ್ಲಿ, ಬಾಯಿ ಬಿಡಬೇಡ.

ಮೂರನೇ ಪಾಠ ಕಂಪೈಲ್ ಮಾಡೋದು, ಅಂದ್ರೆ ನೇಯ್ಗೆ. ದೇವಲ ಒಂದು ಮಾತು ಟೈಪ್ ಮಾಡಿದ, ಪರದೆ ಮೇಲೆ ಸಾಲು ಸಾಲಾಗಿ ಅಕ್ಷರ ಓಡೋಕೆ ಶುರುವಾಯ್ತು. ಬೆಳಗ್ಗೆ ತಿಂಡಿ ಆಯ್ತು, ಓಡ್ತಿತ್ತು. ಮಧ್ಯಾಹ್ನ ಮುದ್ದೆ ಆಯ್ತು, ಓಡ್ತಿತ್ತು. ಈ ಕಡೆ ಮಗ್ಗ ಆ ಕಡೆ ಕಂಪ್ಯೂಟರು, ನಡುವೆ ಡಿಸ್ಕು ಟಕ್ ಟಕ್ ಅಂತ ತಾಳ ಹಾಕ್ತಿತ್ತು. ಸಾಯಂಕಾಲಕ್ಕೆ ನಿಂತಿತು. ಇನ್ನು ಮಷಿನ್ನಲ್ಲಿ ಕೂರಿಸೋದೊಂದು ಬಾಕಿ, ಇನ್‌ಸ್ಟಾಲ್. ಅದಕ್ಕೆ ಪಾಸ್‌ವರ್ಡ್ ಕೇಳುತ್ತೆ, ಕೊಟ್ಟುಬಿಡಿ ಅಂದು ಇಂದುಮತಿ ಫೋನಿಟ್ಟಳು.

ಚೌಡಮ್ಮ ಊಟಕ್ಕೆ ಕರೆಯೋಕೆ ಬಂದ್ರೆ ದೇವಲ ಕೈಕಟ್ಟಿ ತುಟಿ ಬಿಗಿದು ಕೂತಿದ್ದ. ಪರದೆ ಮೇಲೆ ಪಾಸ್‌ವರ್ಡ್ ಅಂತ ಒಂದೇ ಸಾಲು ಮಿಣುಕ್ತಿತ್ತು.

ಏನಾಯ್ತೋ ಅಂದ್ಲು. ಮಾತಿಲ್ಲ. ಆ ಪಾಸ್‌ವರ್ಡ್ ಇಟ್ಟವನೇ ಅವನು, ಬೇರೆ ಯಾರಿಗೂ ಗೊತ್ತಿಲ್ಲ. ನನಗೆ ಹೇಳು, ನಾನೇ ಒತ್ತೀನಿ ಅಂದ್ಲು. ತಲೆ ಅಲ್ಲಾಡಿಸ್ದ. ಇಂದುಮತಿಗೆ ಫೋನ್ ಕೊಟ್ಲು, ಅವಳೂ ಕೇಳಿದ್ಲು. ಅವಳಿಗೂ ಇಲ್ಲ. ಡಿಸ್ಕು ಟಕ್ ಅಂತು, ಸ್ವಲ್ಪ ಹೊತ್ತು ಸುಮ್ಮನಾಯ್ತು, ಮತ್ತೆ ಟಕ್ ಅಂತು. ಚೌಡಮ್ಮನಿಗೆ ತನ್ನ ಜೀವವೇ ನಿಂತು ನಿಂತು ಹೋದ ಹಾಗಾಯ್ತು.

"ಲೋ, ನನಗೆ ಹೇಳಬೇಡ ಬಿಡೋ. ಆ ಮಷಿನ್ನು ನಮ್ಮ ಮನೇದು. ನಮ್ಮ ಮನೇದಕ್ಕೆ ಹೇಳ್ಬೋದು."

ದೇವಲ ಯೋಚನೆ ಮಾಡಿದ. ಸರಿ ಅನ್ನಿಸ್ತು. ಅಮ್ಮನಿಗೆ ಕೇಳಿಸಬಾರದು ಅಂತ ಕೈ ಅಡ್ಡ ಹಿಡಿದು, ಕಂಪ್ಯೂಟರ ಪಕ್ಕಕ್ಕೆ ಬಾಯಿಟ್ಟು ಪಿಸುಗುಟ್ಟಿದ.

ಅವತ್ತು ಚೌಡಮ್ಮನ ಕೈಗೆ ಸಿಕ್ಕಿದ್ದು ಲಾಳಿ. ಎಸೀಲಿಲ್ಲ, ಅಷ್ಟೇ. ಟೈಪ್ ಮಾಡಿಸಿದ್ಲು, ಇನ್‌ಸ್ಟಾಲ್ ಆಯ್ತು. ಆಮೇಲೆ ಹೇಳಿದ್ಲು, ಅರ್ಧ ಅಳು ಅರ್ಧ ಸಿಟ್ಟು. ನಿನ್ನ ತಲೆಯಿಂದ ಏನೂ ಸೇರಿಸಬೇಡ, ಏನೂ ಬಿಡಬೇಡ. ಇಂದುಮತಿ ಏನು ಹೇಳ್ತಾಳೋ ಅಷ್ಟು. ಅದಕ್ಕಿಂತ ಒಂದು ಕೂದಲೂ ಹೆಚ್ಚು ಬೇಡ.

ಮಾರನೇ ದಿನ ಇಂದುಮತಿ ಅವಸರದಲ್ಲಿದ್ಲು. ಅವಳ ಮದುವೆ, ಅವಳಿಗೂ ಸಾವಿರ ಕೆಲಸ. ನೀವು ಈಗ ಎಲ್ಲಿದ್ದೀರೋ ಅಲ್ಲೇ ಓಡ್ಸಿ, ಆ ಫೋಲ್ಡರಲ್ಲಿರೋದೆಲ್ಲಾ ತಗೊಳುತ್ತೆ ಅಂದ್ಲು. ಒಂದೇ ಕಡೆ ಇಟ್ರೆ ಪ್ರಯೋಜನ ಇಲ್ಲ, ಒಂದು ಪ್ರತಿ ಬೇರೆ ಮನೇಲೂ ಇರ್ಬೇಕು ಅಂದ್ಲು. ದೇವಲ ಎಲ್ಲಿದ್ದನೋ ಅಲ್ಲೇ ಓಡ್ಸಿದ. ಅದು ಚೊಕ್ಕವಾಗಿ ಓಡ್ತು, ಚೊಕ್ಕವಾಗಿ ಮುಗೀತು. ಒಂದು ಪೆನ್‌ಡ್ರೈವ್ ಅಕ್ಕಿ ಡಬ್ಬೀಲಿ ಇಟ್ಟ. ಇನ್ನೊಂದನ್ನ ಬಸ್ಸಲ್ಲಿ ಹೋಗಿ ವೆಂಕಟರವಣಪ್ಪನ ಕೈಗೆ ಕೊಟ್ಟು ಬಂದ. ಮಾವನ ಕೂದಲು ಬಂದಿದೆ ಅಂತ ಅಮ್ಮನಿಗೆ ವರದಿ ಕೊಟ್ಟ.

ಚೌಡಮ್ಮ ಅವತ್ತು ಪಾಯಸ ಮಾಡಿದ್ಲು. ಪಾಯಸದ ಪಾತ್ರೆ ಇಳಿಸೋ ಹೊತ್ತಿಗೆ ಕೋಣೇಲಿ ಟಕ್ ಅಂತು. ಆಮೇಲೆ ಇನ್ನೊಂದು ಟಕ್ ಬರ್ಲಿಲ್ಲ.

ಹೋಗ್ಲಿ ಬಿಡು ಅಂದ್ಲು, ಮುದಿ ಮಷಿನ್ನು, ಕೆಲಸ ಮುಗಿಸಿ ಹೋಯ್ತು. ಅಕ್ಕಿ ಡಬ್ಬೀಲಿದ್ದ ಪೆನ್‌ಡ್ರೈವ್ ತಗೊಂಡು ಪಂಚಿಂಗ್ ಅಂಗಡಿಗೆ ಹೋದ್ಲು. ಅಂಗಡಿಯವನು ಹಾಕಿ ನೋಡ್ದ. ಕೆಳಗೆ ನೋಡ್ದ, ಮೇಲೆ ನೋಡ್ದ. ಗಿಣಿ ಇಲ್ಲ. ಒಂದು ರೆಕ್ಕೆಯೂ ಇಲ್ಲ. ಇದ್ದದ್ದು ಬ್ಯಾಕಪ್ ಸಾಫ್ಟ್‌ವೇರಿನ ಕೋಡು. ಅದೇ ಇಂಟರ್ನೆಟ್ಟಿಂದ ಬಿಟ್ಟಿ ಬಂದ ನೂಲಿನ ಮೂಟೆ. ಅದು ತನ್ನನ್ನೇ ತಾನು ಜೋಪಾನವಾಗಿ ಬ್ಯಾಕಪ್ ಮಾಡ್ಕೊಂಡು ಕೂತಿತ್ತು.

ಚೌಡಮ್ಮ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

"ಗಿಣಿ ಎಲ್ಲೋ?"

"ಗಿಣಿ ಫೋಲ್ಡರ್ ಬೇರೆ ಅಮ್ಮ. ಇಂದುಮತಿ ನೀವಿರೋ ಕಡೆ ಅಂದ್ಲು. ನಾನು ಅಲ್ಲಿರ್ಲಿಲ್ಲ, ಕೋಡಿನ ಫೋಲ್ಡರಲ್ಲಿದ್ದೆ."

"ಗಿಣಿ ಬೇಕು ಅಂತ ತಾನೇ ಕಣೋ ಇಷ್ಟೆಲ್ಲಾ ಮಾಡಿದ್ದು?"

"ತಲೆಯಿಂದ ಏನೂ ಸೇರಿಸಬೇಡ ಅಂದಿದ್ದೆಯಲ್ಲಮ್ಮ."

ಬಯ್ಯೋಕೆ ಬಾಯಿ ತೆಗೆದ್ಲು. ಅವನು ಹೇಳಿದ್ರಲ್ಲಿ ಒಂದು ತಪ್ಪಿಲ್ಲ, ಅದೇ ಅವಳಿಗೆ ತಡೀಲಿಲ್ಲ. ಗೋಡೆಗೆ ಒರಗಿ ಕೂತ್ಕೊಂಡ್ಲು. ಅತ್ತೆ ಕಾಲದ ಅಂಚು, ಎಷ್ಟು ಹುಡುಗೀರು ಉಟ್ಟು ಹೊಸಿಲು ದಾಟಿದ್ರು, ತನ್ನ ತಮ್ಮನ ಮಗಳಿಗೆ ಬಂದಾಗಲೇ ಹೋಗ್ಬೇಕಾ. ಹಾಗೇ ಕಣ್ಣು ಎದುರುಮನೆ ಕಡೆ ಹೋಯ್ತು. ಅಲ್ಲಿ ಪಿಳ್ಳಪ್ಪನ ಮಗ್ಗ ಆಡ್ತಿತ್ತು.

ತುಳಿಯಲ್ಲ ಅಂದಿದ್ದ ಹೊಸಿಲು ತುಳಿದ್ಲು. ಹಲ್ಲು ಕಚ್ಕೊಂಡು ತುಳಿದ್ಲು. ಧಾರೆ ಸೀರೆಗೆ ಅಂತ ಕೇಳಿದ್ರೆ ಆ ಬೀದೀಲಿ ಇಲ್ಲ ಅನ್ನೋ ಹಾಗಿಲ್ಲ. ಪಿಳ್ಳಪ್ಪನೂ ಅನ್ಲಿಲ್ಲ. ಹರಿದ ದಾರವೆಲ್ಲ ತೆಗೆದು ಹೊಸದು ಕಟ್ಟಿಸಿದ್ದೀನಿ, ಸಾಯಂಕಾಲ ಮಗನ್ನ ಕಳಿಸಿ, ಹೊತ್ಕೊಂಡು ಬರ್ಲಿ ಅಂದ. ಅಷ್ಟಕ್ಕೇ ಸುಮ್ಮನಿದ್ದಿದ್ರೆ ಚೆನ್ನಾಗಿತ್ತು.

"ಒಂದು ಮಾತು ತಾಯಿ. ಅವತ್ತು ನಿಮ್ಮ ಮಗ ಅದನ್ನ ನನಗೆ ಕೊಡದೇ ಇದ್ದಿದ್ರೆ ಆ ಹರಿದ ಕಟ್ಟನ್ನ ಯಾರು ಕಟ್ತಿದ್ರು? ಬೇರೆ ಮನೇಲೂ ಒಂದಿರ್ಬೇಕು ಅಂತಾರಲ್ಲ, ಅದು ಇದೇ."

ಚೌಡಮ್ಮ ಸೆರಗು ಸಿಕ್ಕಿಸ್ಕೊಂಡು ಮನೆಗೆ ಬಂದ್ಲು. ಅವನು ಹೇಳಿದ್ದು ನಿಜ, ಅದಕ್ಕೆ ಇನ್ನೂ ಜಾಸ್ತಿ ಕೋಪ ಬಂತು. ಆ ಕೋಪ ಎಲ್ಲಿಗೆ ಹೋಗುತ್ತೆ, ದೇವಲನ ತಲೆ ಮೇಲೇ ತಾನೇ. "ಹೋಗು, ಕಟ್ಟು ತಗೊಂಡು ಬಾ. ಒಂದೊಂದ್ಸಲ ಒಂದೊಂದು ಮಾತು ಹಿಡ್ಕೊಂಡು ನನ್ನ ಕೊಂದೆ. ಮೊದಲಿಂದ ನಾನು ಹೇಳಿದ್ದೆಲ್ಲಾ ನೆನಪಿಟ್ಕೊಂಡು, ಎಲ್ಲಾನೂ ಸೇರ್ಸಿ ಮಾಡು."

ಸೇರ್ಸಿ ಮಾಡಿದ.

ಚೌಡಮ್ಮ ಮಗ್ಗಕ್ಕೆ ಹಾಸು ಏರಿಸಿ ಹೊರಗೆ ಬಂದ್ರೆ ದೇವಲ ನಡುಮನೇಲಿ ಕಟ್ಟು ಬಿಚ್ಕೊಂಡು ಕೂತಿದ್ದ. ಒಂದು ಗಿಣಿಯ ಕಾರ್ಡಿನ ಮೇಲೆ ಇನ್ನೊಂದು ಗಿಣಿಯ ಕಾರ್ಡಿಟ್ಟು ಬೆಳಕಿಗೆ ಹಿಡೀತಿದ್ದ. ತೂತಿಗೆ ತೂತು ಕೂತು ಬೆಳಕು ಈಚೆ ಬಂದ್ರೆ ಬಲಗಡೆ ಇಡ್ತಿದ್ದ. ಬಲಗಡೆ ಗಿಣಿಗಳೆಲ್ಲ ಅಚ್ಚುಕಟ್ಟಾಗಿ ಪೇರಿಸಿದ್ವು. ಎಡಗಡೆ ಏನೂ ಇರ್ಲಿಲ್ಲ.

"ತಿರುಗಿ ನೋಡೋದು ಎಲ್ಲೋ?" ಅಂದ್ಲು ಚೌಡಮ್ಮ.

"ಅದೊಂದು ಹೊಂದಲಿಲ್ಲ ಅಮ್ಮ. ಎಲ್ಲರ ತೂತು ಒಂದು ಕಡೆ, ಅದರ ತಲೆ ತೂತು ಇನ್ನೊಂದು ಕಡೆ. ಒಳಗೆ ಬಿಡ್ಲಿಲ್ಲ. ಜಗಲಿ ಮೇಲೆ ನಿಲ್ಲಿಸಿದ್ದೀನಿ."

ಓಡಿದ್ಲು. ಜಗಲಿ ಮೇಲೆ ಅವಳ ತಮ್ಮ ನಿಂತಿದ್ದ ಜಾಗದಲ್ಲೇ ಆ ಗಿಣಿಯ ಕಾರ್ಡುಗಳನ್ನ ಗೋಡೆಗೆ ಒರಗಿಸಿತ್ತು. ಮೇಲಿಂದ ಕೆಳಗೆ ತೊಪ್ಪೆಯಾಗಿ ತೊಯ್ದು ಹೋಗಿದ್ವು. ಪಕ್ಕದಲ್ಲಿ ಖಾಲಿ ಚೊಂಬು.

"ಬಾಗಿಲಿಗೆ ಬಂದೋರಲ್ವಾ, ನೀರು ಕೊಟ್ಟೆ" ಅಂದ ಹಿಂದಿಂದ ದೇವಲ. "ಏನು ಬೇಕು ಅಂತ ಕೇಳ್ದೆ. ಬಾಯೇ ಬಿಡ್ಲಿಲ್ಲ. ಅದಕ್ಕೂ ಅವರಮ್ಮ ಹೇಳಿರ್ಬೇಕು."

ಚೌಡಮ್ಮ ಒಂದು ಕಾರ್ಡು ಎತ್ತಿ ನೋಡಿದ್ಲು. ರಟ್ಟು ಬಾಳೆಲೆ ಥರ ಬಳುಕ್ತು. ನೀರು ಒಂದೊಂದೇ ತೂತಿಂದ ತೊಟ್ಟಿಕ್ತಿತ್ತು. ತೊಟ್ಟಿಕ್ತಿತ್ತು ಅಂದ್ರೆ ತೂತಿದೆ. ನೆನೆದ್ರೂ ತೂತು ತೂತೇ. ಅಷ್ಟು ನೋಡಿದ್ದೇ ಅವಳಿಗೆ ಜೀವ ಬಂತು. ಹಿತ್ತಲ ಹಗ್ಗದ ಮೇಲೆ ಒಂದೊಂದೇ ಕಾರ್ಡು ಕ್ಲಿಪ್ಪು ಹಾಕಿ ನೇತು ಹಾಕಿದ್ಲು. ಕೆಳಗೆ ಮಗನ್ನ ಕೂರ್ಸಿದ್ಲು.

"ಇಲ್ಲೇ ಕೂತ್ಕೊ. ಯಾವುದಕ್ಕೂ ಕೈ ಹಾಕ್ಬೇಡ. ನಾನು ಏಳು ಅನ್ನೋವರೆಗೂ ಏಳಬೇಡ."

ಕಾರ್ಡು ಒಣಗ್ತು. ಸ್ವಲ್ಪ ಸೊಟ್ಟಗಾಗಿತ್ತು, ಇಸ್ತ್ರಿ ಹಾಕಿ ನೆಟ್ಟಗೆ ಮಾಡಿ, ಬಿಚ್ಚಿದ್ದನ್ನೆಲ್ಲ ಮತ್ತೆ ಮಾಲೆ ಕಟ್ಟಿ ಮಗ್ಗಕ್ಕೇರಿಸಿದ್ಲು. ಹಗಲೂ ರಾತ್ರಿ ಮಗ್ಗ ಆಡ್ತು. ನಡುನಡುವೆ ಹಿತ್ತಲಿಗೆ ಹೋಗಿ ಮಗನ ಮುಂದೆ ತಟ್ಟೆ ಇಟ್ಟು ಬರೋಳು. ಅವನು ತಿನ್ನೋನು. ಯಾಕೋ ಇನ್ನೂ ಇಲ್ಲೇ ಕೂತಿದ್ದೀಯ ಅಂತ ಕೇಳೋಕೆ ಯಾರಿಗೆ ಪುರುಸೊತ್ತು? ಗಿಣಿ ಸಾಲು ಇಳೀತು, ನಡುವೆ ಒಂದು ಗಿಣಿ ಕತ್ತು ತಿರುಗಿಸ್ತು. ಸೀರೆ ಮಡಿಸ್ಕೊಂಡು, ಮನೆಗೆ ಬೀಗ ಹಾಕ್ಕೊಂಡು, ಚೌಡಮ್ಮ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ಲು. ಬೀದಿಯೋರೂ ಹೋಗ್ತಿದ್ರು, ಆ ಗುಂಪಲ್ಲೇ ದೇವಲನೂ ಇರ್ತಾನೆ ಅಂದ್ಕೊಂಡ್ಲು.

ಧಾರೆ ಆಯ್ತು. ಇಂದುಮತಿ ಆ ಸೀರೇಲಿ ಹೊಸಿಲು ದಾಟಿದ್ಲು, ಒಂದ್ಸಲ ತಿರುಗಿ ನೋಡಿದ್ಲು. ಎಲ್ಲರ ಕಣ್ಣಲ್ಲೂ ನೀರು. ಆಗ ವೆಂಕಟರವಣಪ್ಪ ಕಣ್ಣೊರೆಸ್ಕೊಂಡು ಅಕ್ಕನ ಹತ್ರ ಬಂದ.

"ಅಕ್ಕ, ಬೆಳಗ್ಗಿಂದ ನನ್ನ ಯಾರೂ ಬಾಗಿಲಲ್ಲಿ ತಡೀಲೇ ಇಲ್ಲ. ದೇವಲ ಎಲ್ಲಿ?"

ಚೌಡಮ್ಮನ ಕೈಲಿದ್ದ ಅಕ್ಷತೆ ಹಾಗೇ ಉಳೀತು.

ಹಿತ್ತಲಲ್ಲಿ ಖಾಲಿ ಹಗ್ಗದ ಕೆಳಗೆ ಅವನು ಕೂತೇ ಇದ್ದ. ಹಿತ್ತಲ ಗೋಡೆ ಹತ್ರ ಬಂದು ಪಿಳ್ಳಪ್ಪನ ಹೆಂಡತಿ ಎಷ್ಟು ಸಲ ಎದ್ದು ಬಾರೋ ಅಂದಿದ್ಲೋ. ಬಾಯೂ ಬಿಟ್ಟಿರ್ಲಿಲ್ಲ, ಎದ್ದೂ ಇರ್ಲಿಲ್ಲ. ಏಳು ಅನ್ನಬೇಕಾದೋಳು ಏಳು ಅನ್ನಬೇಕಲ್ಲ.

ಅಗೋ, ಕರೆಂಟು ಬಂತು.